ಶಮಿರ್ಬೆಕ್ ಬಂದೂಕು ತೊಳೆದ ದಿನ

ನಮ್ಮನ್ನು ವ್ಯಾಗನ್ನಿನೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ.

ವ್ಯಾಗನ್ ಅಂದರೆ ರೈಲಿನದಲ್ಲ. ಹಳೆಯ ಸರ್ಕಾರ ಇದ್ದಾಗ ರಸ್ತೆ ಕೆಲಸದವರು ಮಲಗುತ್ತಿದ್ದ ತಗಡಿನ ಗಾಡಿ. ಅದರ ಚಕ್ರಗಳನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಶಮಿರ್ಬೆಕ್ ಅದನ್ನು ತನ್ನ ಅಂಗಳದ ಹಿಂಬದಿಗೆ, ಕುದುರೆ ಲಾಯದ ಪಕ್ಕಕ್ಕೆ ಎಳೆಸಿ ನಿಲ್ಲಿಸಿದ. ಒಂದು ಕಿಟಕಿ ಇತ್ತು. ಅದಕ್ಕೂ ತಗಡು ಬಡಿಸಿದ. ಬಂದೂಕು ಇರುವ ಜಾಗಕ್ಕೆ ಕಿಟಕಿ ಯಾಕೆ ಎಂದ.

ಶಮಿರ್ಬೆಕ್‌ನ ವ್ಯಾಪಾರ ಬೇಟೆ. ಹೊರದೇಶದವರು ವಿಮಾನ ಹತ್ತಿ, ಜೀಪು ಹತ್ತಿ, ಕುದುರೆ ಹತ್ತಿ ನಮ್ಮ ನಾರಿನ್ ಕಡೆಯ ಬೆಟ್ಟಗಳಿಗೆ ಬರುತ್ತಾರೆ. ಹಿಮದ ಅಂಚಿನಲ್ಲಿ ಮೇಯುವ ಕಾಡುಮೇಕೆ ಹೊಡೆಯುತ್ತಾರೆ. ಕೊಂಬು ತಮಗೆ ಇಟ್ಟುಕೊಳ್ಳುತ್ತಾರೆ. ಅವರು ಬಂದೂಕು ಹೊಡೆದು ಸುಸ್ತಾಗಿ ಮಲಗಿದ ಮೇಲೆ ಆ ಬಂದೂಕುಗಳು ನಮ್ಮ ಕೈಗೆ ಬರುತ್ತವೆ. ನಮ್ಮ ಅಂದರೆ ನನ್ನ ಮತ್ತು ಬಾತ್ಮಾಳ ಕೈಗೆ. ನಾನು ಊಲ್ಕಾನ್. ಬಾತ್ಮಾ ನನ್ನ ಪಕ್ಕದ ಮನೆಯವಳು. ನನಗಿಂತ ಚಿಕ್ಕವಳು, ನನ್ನನ್ನು ಎಜೆ, ಅಕ್ಕ, ಎಂದು ಕರೆಯುತ್ತಿದ್ದಳು. ಅವಳ ಗಂಡ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋದವನು ಫೋನಿನಲ್ಲಿ ಮಾತ್ರ ಗಂಡ. ಎರಡು ಮಕ್ಕಳು, ಅಯ್ಪೆರಿ ಮತ್ತು ಎರ್ಮೆಕ್.

ಕೆಲಸ ಹೀಗೆ. ಸರಳಿನ ತುದಿಗೆ ಬಟ್ಟೆಚೂರು ಸಿಕ್ಕಿಸಬೇಕು. ಡಬ್ಬಿಯ ನೀರಿಗೆ ಅದ್ದಬೇಕು. ನಳಿಗೆಯೊಳಗೆ ತಳ್ಳಬೇಕು. ಎಳೆಯಬೇಕು. ಮಸಿ ಬರುತ್ತದೆ. ಮತ್ತೆ ತಳ್ಳಿದರೆ ನೀಲಿ ಬರುತ್ತದೆ. ಅದು ಗುಂಡು ಬಿಟ್ಟುಹೋದ ತಾಮ್ರ. ಬಟ್ಟೆ ಬಿಳಿಯಾಗಿ ಹೊರಬರುವವರೆಗೂ ತಳ್ಳುವುದೇ. ಬಿಚ್ಚಿದ ಕಬ್ಬಿಣದ ತುಂಡುಗಳು ಅದೇ ನೀರಿನ ಬೋಗುಣಿಯಲ್ಲಿ ನೆನೆಯುತ್ತಿರುತ್ತವೆ. ಕೈ ಹಾಕಿ ತೆಗೆದು ಉಜ್ಜಬೇಕು. ಬರಿ ಕೈ.

ಆ ನೀರಿಗೆ ಏನೋ ಹೆಸರಿತ್ತು. ಬಣ್ಣದ ಅಂಗಡಿಯ ಥಿನ್ನರ್ ಇದೆಯಲ್ಲ, ಅದು ಇದರ ತಮ್ಮ. ಮೊದಲು ಕಣ್ಣು ಉರಿಯುತ್ತದೆ. ಆಮೇಲೆ ನಾಲಿಗೆಯ ಮೇಲೆ ಒಂದು ಕೆಟ್ಟ ಸಿಹಿ ಕೂರುತ್ತದೆ. ಆಮೇಲೆ ನಗು ಬರುತ್ತದೆ. ಏನೂ ಇಲ್ಲದ್ದಕ್ಕೆ ನಾವಿಬ್ಬರೂ ನಕ್ಕು ನಕ್ಕು ಗೋಡೆಗೆ ಒರಗಿದ್ದೇವೆ. ನಗು ಮುಗಿದ ಮೇಲೆ ತಲೆಯೊಳಗೆ ಯಾರೋ ಉಣ್ಣೆ ಬಡಿಯಲು ಶುರು ಮಾಡುತ್ತಾರೆ. ರಾತ್ರಿ ರೊಟ್ಟಿ ಮುರಿದು ಬಾಯಿಗಿಟ್ಟರೆ ರೊಟ್ಟಿಯಲ್ಲೂ ಅದೇ ವಾಸನೆ. ಬೆರಳ ಸಂದಿಯ ಚರ್ಮ ಬಿರಿದು ಒಣಗಿದ ಮೊಸರುಂಡೆಯ ಹಾಗೆ ಪುಡಿ ಉದುರುತ್ತಿತ್ತು.

ಡಬ್ಬಿಯ ಮೇಲೆ ಕೆಂಪು ಚೌಕದೊಳಗೆ ಚಿತ್ರಗಳಿದ್ದವು. ಒಂದರಲ್ಲಿ ಬೆಂಕಿ. ಇನ್ನೊಂದರಲ್ಲಿ ಎದೆಯಲ್ಲಿ ನಕ್ಷತ್ರ ಒಡೆದ ಮನುಷ್ಯ.

"ಇವನ್ಯಾರು ಬಾಯ್ಕೆ?" ಎಂದು ಬಾತ್ಮಾ ಶಮಿರ್ಬೆಕ್‌ನನ್ನು ಕೇಳಿದಳು. ಬಾಯ್ಕೆ ಅಂದರೆ ಅಣ್ಣ. ದೊಡ್ಡವರನ್ನು ಹಾಗೇ ಕರೆಯಬೇಕು, ಅವರು ಹೇಗೇ ಇರಲಿ.

"ಅದು ಪದಕ," ಎಂದ. "ಒಳ್ಳೆ ಮಾಲು ಅಂತ ಕಂಪನಿಯವರು ಹಾಕಿರೋದು."

"ಪದಕ ಎದೆ ಮೇಲೆ ಇರ್ಬೇಕಲ್ಲ, ಇದು ಒಳಗೇ ಹೋಗಿದೆ," ಎಂದೆ.

"ನಿನಗೆ ನಾಲಿಗೆ ಉದ್ದ ಆಯ್ತು, ಊಲ್ಕಾನ್. ಕೈ ಉದ್ದ ಮಾಡು."

ಆ ಡಬ್ಬಿಗಳು ಬಂದ ಪೆಟ್ಟಿಗೆಯಲ್ಲೇ ಮೊಣಕೈವರೆಗೆ ಬರುವ ಹಸಿರು ಕೈಗವಸುಗಳಿದ್ದವು. ಎರಡು ಕಡೆ ಗುಂಡನೆಯ ಡಬ್ಬಿಯಿದ್ದ ಮುಖವಾಡಗಳಿದ್ದವು. ನಾನೇ ಪೆಟ್ಟಿಗೆ ಬಿಚ್ಚಿದವಳು, ನಾನೇ ನೋಡಿದೆ. ಕೈಗವಸುಗಳು ಮೇಕೆಯ ತಲೆ ಸುಲಿದು ಉಪ್ಪು ಹಚ್ಚುವ ಗಂಡಸರಿಗೆ ಹೋದವು. ತಲೆ ಹಾಳಾದರೆ ಅತಿಥಿ ಸಿಟ್ಟಾಗುತ್ತಾನೆ. ಮುಖವಾಡ ಶಮಿರ್ಬೆಕ್‌ನ ತಮ್ಮನಿಗೆ ಹೋಯಿತು, ಕಾರಿಗೆ ಬಣ್ಣ ಹೊಡೆಯಲು. ನಮಗೆ ಆಸ್ಪತ್ರೆಯ ತೆಳು ಕೈಗವಸು ಕೊಟ್ಟ. ಅದನ್ನು ಹಾಕಿ ಬೋಗುಣಿಗೆ ಕೈ ಇಟ್ಟರೆ ಬೆರಳುಗಳ ಮೇಲೆ ಸತ್ತ ಮೀನಿನ ಹಾಗೆ ಊದಿಕೊಂಡು ಹರಿದುಹೋಯಿತು.

"ಬಾಗಿಲಾದ್ರೂ ತೆಗೆದಿಡಿ," ಎಂದು ಕೇಳಿದೆ.

"ಬಂದೂಕು ಜೊತೆ ನಿಮ್ಮನ್ನ ಬಾಗಿಲು ತೆಗೆದು ಕೂರಿಸ್ಲಾ? ಒಂದು ಕಳುವಾದ್ರೆ ಯಾರು ಜೈಲಿಗೆ ಹೋಗೋದು, ನಿನ್ನ ತಾತನಾ?"

ಆಮೇಲೆ ಹಾಲು ಕಳಿಸಿದ. ದಿನಾ ಒಂದೊಂದು ಬಟ್ಟಲು. ನಮ್ಮಲ್ಲಿ ಇದೊಂದು ನಂಬಿಕೆ. ಹಳೆಯ ಕಾಲದಲ್ಲಿ ಕಾರ್ಖಾನೆಯಲ್ಲಿ ವಿಷದ ಕೆಲಸ ಮಾಡುವವರಿಗೆ ಸರ್ಕಾರವೇ ಹಾಲು ಕೊಡುತ್ತಿತ್ತು. ಬಾತ್ಮಾಳ ತಾಯಿ ಬಣ್ಣದ ಕಾರ್ಖಾನೆಯಲ್ಲಿ ಹಾಗೆ ಹಾಲು ಕುಡಿದವಳು. ಹಾಲು ಹೊಟ್ಟೆಗೆ ಹೋಗುತ್ತದೆ, ವಾಸನೆ ಎದೆಗೆ ಹೋಗುತ್ತದೆ. ಎರಡೂ ಎಲ್ಲಿ ಭೇಟಿಯಾಗುತ್ತವೆ ಎಂದು ನಾವು ಕೇಳಲಿಲ್ಲ. ಬಾತ್ಮಾ ತನ್ನ ಬಟ್ಟಲು ಮುಗಿಸಿ, "ನೋಡು ಎಜೆ, ತಲೆ ಇಳೀತು," ಎನ್ನುತ್ತಿದ್ದಳು. ಹಾಲನ್ನು ನಂಬಿ ಅವಳು ನನಗಿಂತ ಹೆಚ್ಚು ಹೊತ್ತು ಒಳಗೆ ಕೂತಳು. ಮಗಳಿಗೆ ಚಳಿಗಾಲದ ಬೂಟು ಬೇಕಿತ್ತು.

ಆ ವರ್ಷದ ವಸಂತದಲ್ಲಿ ಅವಳ ಕೈ ನಡುಗಲು ಶುರುವಾಯಿತು. ಚಹಾ ಬಗ್ಗಿಸಿದರೆ ಅರ್ಧ ನೆಲಕ್ಕೆ. ಹೇಳಿದ ಮಾತು ಮರೆಯುತ್ತಿದ್ದಳು. ಒಂದು ದಿನ ನನ್ನನ್ನು ನೋಡಿ, "ನಿಮ್ಮ ಹೆಸರು ಏನು ಎಜೆ?" ಎಂದಳು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಅವಳ ಮಾನ ಹೋದದ್ದು ಬೇಸಿಗೆಯಲ್ಲಿ. ಬಾತ್ಮಾಳ ಅತ್ತೆ ಬುರುಲ್ ಅಪಾ, ಅಪಾ ಅಂದರೆ ಅಮ್ಮ, ಬೇಟೆಯ ಮಾಂಸದ ಪಾಲು ತೆಗೆದುಕೊಂಡು ಹೋಗಲು ಮೊಮ್ಮಕ್ಕಳ ಜೊತೆ ಶಮಿರ್ಬೆಕ್‌ನ ಗೇಟಿಗೆ ಬಂದಿದ್ದಳು. ಅದೇ ಹೊತ್ತಿಗೆ ಬೀಗ ತೆಗೆದರು. ಬಾತ್ಮಾ ಹೊರಬಂದಳು. ಎರಡು ಹೆಜ್ಜೆ ನೆಟ್ಟಗೆ ಇಟ್ಟಳು, ಮೂರನೆಯದು ಪಕ್ಕಕ್ಕೆ ಹೋಯಿತು. ಲಗಾಮು ಕಟ್ಟುವ ಕಂಬ ತಬ್ಬಿಕೊಂಡು ನಕ್ಕಳು. ಆಮೇಲೆ ಮಕ್ಕಳ ಮುಂದೆಯೇ ಕುದುರೆ ಲದ್ದಿಯ ಮೇಲೆ ಬಿದ್ದಳು. ಬುರುಲ್ ಅಪಾ ಬಗ್ಗಿ ಸೊಸೆಯ ಬಾಯಿ ಮೂಸಿದಳು.

"ಇದು ಏನು ಕುಡಿದಿದೆ?" ಎಂದು ಕೇಳಿದಳು.

ಶಮಿರ್ಬೆಕ್ ಮೆಟ್ಟಿಲ ಮೇಲೆ ನಿಂತಿದ್ದ. ಮೆಕ್ಕಾ ನೋಡಿ ಬಂದವನು. ಅತಿಥಿಗಳಿಗೆ ವೋಡ್ಕಾ ಇಡುತ್ತಾನೆ, ತಾನು ಮುಟ್ಟುವುದಿಲ್ಲ. ಅದು ಜಿಲ್ಲೆಗೆಲ್ಲ ಗೊತ್ತು. ಅವನು ಗಡ್ಡ ನೀವಿಕೊಂಡು ಹೇಳಿದ: "ಏನ್ ಹೇಳ್ಲಿ ಅಪಾ. ಗಂಡ ಇಲ್ಲದ ಹೆಂಗಸು. ಅತಿಥಿಗಳ ಬಾಟಲಿ ಕಮ್ಮಿ ಆಗ್ತಾನೇ ಇವೆ. ಮಕ್ಕಳ ಮುಖ ನೋಡಿ ಸುಮ್ನಿದ್ದೆ."

ಅವನಿಗೆ ಗೊತ್ತಿತ್ತು. ಆ ಡಬ್ಬಿಯನ್ನು ತಂದವನು ಅವನು. ಬೀಗ ಹಾಕಿದವನು ಅವನು. ಒಂದು ಸಲ ಮೂಗು ಒಳಗಿಟ್ಟು "ಥೂ" ಎಂದು ಓಡಿದವನೂ ಅವನೇ.

ಆ ಸಂಜೆಯೇ ಬುರುಲ್ ಅಪಾ ಮಕ್ಕಳನ್ನು ತನ್ನ ಮನೆಗೆ ಕರೆದುಕೊಂಡಳು. ಬಾತ್ಮಾಳನ್ನು ಹೊಸ್ತಿಲ ಒಳಗೆ ಬಿಡಲಿಲ್ಲ. ಕುಡುಕಿ ಮುಟ್ಟಿದ ಹಿಟ್ಟು ಹರಾಮು ಎಂದಳು. ಊರಿನಲ್ಲಿ ಯಾರೂ ಅವಳಿಗೆ ರೊಟ್ಟಿ ತಟ್ಟಲು ಕರೆಯಲಿಲ್ಲ. ಅಂಗಡಿಯಲ್ಲಿ ಬಾಟಲಿಗಳನ್ನು ಅವಳು ಹೋದಾಗ ಹಿಂದಕ್ಕೆ ಸರಿಸುತ್ತಿದ್ದರು, ತಮಾಷೆಗೆ. ನಾನು ಬುರುಲ್ ಅಪಾಳ ಹತ್ತಿರ ಹೋದೆ.

"ಅದು ಬಂದೂಕಿನ ನೀರಿನ ವಾಸನೆ, ಅಪಾ. ನಂಗೂ ಬರತ್ತೆ, ಮೂಸಿ."

"ನೀನೂ ಕುಡೀತೀಯೇನೋ ಯಾರಿಗ್ಗೊತ್ತು, ಮಗಳೇ. ಜೊತೆಗೆ ಕೂರೋರು."

"ನಾನು ಸುಳ್ಳು ಹೇಳ್ತಿದೀನಾ?"

"ಹಜ್ ಮಾಡಿ ಬಂದೋನು ಸುಳ್ಳು ಹೇಳ್ತಾನಾ?"

ಒಳಗಿನಿಂದ ಎರ್ಮೆಕ್ ಅಮ್ಮ ಎಲ್ಲಿ ಎಂದು ಕೇಳುತ್ತಿದ್ದ. ಬುರುಲ್ ಅಪಾ ಬಾಗಿಲು ಹಾಕಿಕೊಂಡಳು.

ಬಾತ್ಮಾ ನನ್ನ ಮನೆಗೆ ಬಂದು ಮಲಗಿದಳು. ಗೋಡೆಗೆ ಮುಖ ಮಾಡಿ, "ನಾನು ಕುಡಿದಿದ್ನಾ ಎಜೆ? ನಂಗೆ ನೆನಪಾಗ್ತಿಲ್ಲ," ಎಂದು ಕೇಳಿದಳು. ಅವತ್ತು ನನಗೆ ಶಮಿರ್ಬೆಕ್‌ನ ಮೇಲೆ ಬಂದದ್ದು ಸಿಟ್ಟಲ್ಲ. ಸಿಟ್ಟು ಆರುತ್ತದೆ. ಇದು ಆರಲಿಲ್ಲ.

ಅವಳ ಜಾಗಕ್ಕೆ ಕೆರೆಜ್ ಬಂದಳು. ಮೊನ್ನೆ ಮೊನ್ನೆ ಮದುವೆಯಾದ ಹುಡುಗಿ. ಇನ್ನೂ ಮದುವೆಯ ಬಿಳಿ ವಸ್ತ್ರ ತಲೆಯಲ್ಲಿ. ಶರತ್ಕಾಲದ ಚಳಿ ಶುರುವಾಗಿತ್ತು. ವ್ಯಾಗನ್ನಿನೊಳಗೆ ಒಲೆ ಹಚ್ಚಿಸಿದರು. ಡಬ್ಬಿಯ ಮೇಲೆ ಬೆಂಕಿಯ ಚಿತ್ರ, ಪಕ್ಕದಲ್ಲೇ ಬೆಂಕಿ. ಒಂದು ದಿನ ಕೆರೆಜ್ ಒದ್ದೆ ಚಿಂದಿಯನ್ನು ಒಲೆಯ ಕಡೆ ಎಸೆದಳು. ಅದು ಒಲೆ ಮುಟ್ಟುವ ಮೊದಲೇ ಗಾಳಿಯಲ್ಲಿ ಭುಗ್ ಎಂದಿತು. ಅವಳ ಹುಬ್ಬು ಹೋಯಿತು. ನನ್ನ ಮೇಲಂಗಿ ಹಾಕಿ ಹೊಸಕಿದೆ. ಬಾಗಿಲು ಬಡಿದೆವು. ಬಡಿದೆವು. ಶಮಿರ್ಬೆಕ್ ಬಾಯಿ ಒರೆಸಿಕೊಳ್ಳುತ್ತಾ ಬಂದು ಬೀಗ ತೆಗೆದ.

"ಏನು ಗಲಾಟೆ? ಚಹಾ ಕುಡಿಯೋಕೂ ಬಿಡಲ್ವಲ್ಲ."

ಮೊದಲು ಬಂದೂಕುಗಳನ್ನು ಎಣಿಸಿದ. ಆಮೇಲೆ ಕೆರೆಜ್‌ಳ ಮುಖ ನೋಡಿದ.

ಮರುದಿನ ಅವನು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕೆರೆಜ್ ನನ್ನ ಹಿಂದೆ. ನಾನು ಮೆಟ್ಟಿಲ ಕೆಳಗೇ ನಿಂತೆ.

"ಹತ್ತು," ಎಂದ.

"ಹತ್ತಲ್ಲ."

"ಏನಂದೆ?"

"ಕಿಟಕಿ ತಗಡು ಕೀಳ್ಸಿ. ಒಲೆ ಹೊರಗಿಡ್ಸಿ. ಹಸಿರು ಕೈಗವಸು ಕೊಡಿ, ಮುಖವಾಡ ಕೊಡಿ. ಬಾಗಿಲು ತೆಗೆದಿರ್ಲಿ. ಆಗ ಹತ್ತೀವಿ."

"ಮತ್ತೆ ಒಂದು ಸೋಫಾ ಹಾಕಿಸ್ಲಾ?"

"ಹಾಕ್ಸಿ. ಬಾತ್ಮಾ ಮಲಗ್ತಾಳೆ."

ಅವನು ಬೀಗ ಹಿಡಿದ ಕೈಯಿಂದಲೇ ನನ್ನ ಭುಜ ತಳ್ಳಿದ. ನಾನು ಲದ್ದಿಯ ಮೇಲೆ ಬಿದ್ದು ಕೂತೆ. ಸುಲಿಯುವ ಗಂಡಸರು ನಮ್ಮ ಹಸಿರು ಕೈಗವಸು ತೊಟ್ಟು ನಿಂತು ನೋಡಿದರು. "ಊರೂಟ ಮುಗೀಲಿ," ಎಂದ ಅವನು. "ಆಮೇಲೆ ಈ ಕಣಿವೇಲಿ ಯಾರು ನಿಂಗೆ ಕೆಲಸ ಕೊಡ್ತಾರೋ ನೋಡ್ತೀನಿ."

ಊರೂಟ ಅಂದರೆ ಶರತ್ಕಾಲದ ದೊಡ್ಡ ಬೇಟೆ ಶುರುವಾದಾಗ ಅವನು ಊರಿಗೆಲ್ಲ ಹಾಕುವ ಊಟ. ಸುಮ್ಮನೆ ಹಾಕುವುದಲ್ಲ. ಮೇಲಿನ ಹುಲ್ಲುಗಾವಲು ಊರಿನದು. ಹಿರಿಯರು ತಲೆ ಆಡಿಸದಿದ್ದರೆ ಅವನ ಡೇರೆ ಅಲ್ಲಿ ಏಳುವುದಿಲ್ಲ. ಆ ದಿನ ಅತಿಥಿಗಳಿಗೆ ತೋರಿಸಲು ತಾನೇ ಬೆಟ್ಟಕ್ಕೆ ಹೋದ. ಅಂಗಳದಲ್ಲಿ ಕಡಾಯಿಗಳು ಕುದಿಯುತ್ತಿದ್ದವು. ಊರೆಲ್ಲ ಕೂತಿತ್ತು. ಬುರುಲ್ ಅಪಾ ಮೊಮ್ಮಕ್ಕಳ ಜೊತೆ ಹೆಂಗಸರ ಸಾಲಿನಲ್ಲಿದ್ದಳು. ಬಾತ್ಮಾಳನ್ನು ಯಾರೂ ಕರೆದಿರಲಿಲ್ಲ.

ಮಧ್ಯಾಹ್ನ ಶಮಿರ್ಬೆಕ್ ಇಳಿದು ಬಂದ. ಕುದುರೆಯ ಮೇಲೆ ಅಡ್ಡಲಾಗಿ ದೊಡ್ಡ ಗಂಡುಮೇಕೆ, ಕೊಂಬು ನೆಲ ಗೀಚುವಷ್ಟು. ನಾನು ಗೇಟಿನ ನಡುವೆ ನಿಂತೆ.

"ಶಿರಾಲ್ಗಾ," ಎಂದೆ.

ಬೇಟೆಯಿಂದ ಬರುವವನಿಗೆ ಎದುರು ನಿಂತು ಆ ಮಾತು ಹೇಳಿದರೆ ಅವನು ಪಾಲು ಕೊಡಲೇಬೇಕು. ಗಂಡಸಾಗಲಿ ಹೆಂಗಸಾಗಲಿ, ಪರಿಚಯ ಇರಲಿ ಬಿಡಲಿ. ಇಲ್ಲ ಎಂದವನಿಗೆ ಬೆಟ್ಟ ಮತ್ತೆ ಕೊಡುವುದಿಲ್ಲ ಎನ್ನುತ್ತಾರೆ. ಕೊಂಬಿಗೆ ಬೆಲೆ ಬಂದ ಮೇಲೆ ಆ ಮಾತು ಯಾರ ಬಾಯಲ್ಲೂ ಇರಲಿಲ್ಲ. ಕಡಾಯಿ ಕಲಕುತ್ತಿದ್ದವನು ಸೌಟು ಹಿಡಿದೇ ತಿರುಗಿದ. ಆಮೇಲೆ ಹಿರಿಯ ಮಾಂಬೆತ್ ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಕೇಳಿ ಎಷ್ಟು ಕಾಲ ಆಗಿತ್ತಪ್ಪ ಈ ಮಾತು. ಕೊಡು ಶಮಿರ್ಬೆಕ್, ಕೊಡು."

ಶಮಿರ್ಬೆಕ್ ಅತಿಥಿಗಳ ಕಡೆ ನೋಡಿ ನಗು ತಂದುಕೊಂಡ. "ತಗೊಳ್ಳಮ್ಮ. ಹಿಂಗಾಲು ತಗೋ."

"ಮಾಂಸ ಬೇಡ ಬಾಯ್ಕೆ."

"ಕೊಂಬು ಕೊಡಲ್ಲ."

"ಕೊಂಬೂ ಬೇಡ. ಬೇಟೆಯಲ್ಲಿ ಬಂದೂಕಿಗೂ ಒಂದು ಪಾಲು ಇರತ್ತೆ ಅಲ್ವಾ ಅಜ್ಜ?"

"ಇರತ್ತೆ," ಎಂದ ಮಾಂಬೆತ್ ಅಜ್ಜ. "ಅದಿಲ್ದೆ ಬರಿಗೈಲಿ ಹಿಡಿದನಾ ಇವನು?"

"ಹಾಗಾದ್ರೆ ನನ್ನ ಪಾಲು ಇಷ್ಟೇ. ಇವತ್ತಿನ ಬಂದೂಕನ್ನ ನಾನು ತೊಳೆಯಲ್ಲ. ಹೊಡೆದೋರೇ ತೊಳೀಲಿ. ನಾವು ಕೂರೋ ಜಾಗದಲ್ಲಿ, ನಾವು ಕೂರೋ ಹಾಗೆ."

ಗಂಡಸರು ತೊಡೆ ತಟ್ಟಿ ನಕ್ಕರು. ಅವರಿಗೆ ತಮಾಷೆ. "ಅಗ್ಗದಲ್ಲಿ ಬಿಟ್ಟಳು ನಿನ್ನ, ಹೋಗು," ಎಂದ ಒಬ್ಬ. ಶಮಿರ್ಬೆಕ್‌ನ ಕಣ್ಣು ವ್ಯಾಗನ್ನಿನ ಕಡೆ ಹೋಗಿ ಬಂತು. ಆಗಲ್ಲ ಎನ್ನಬೇಕಾದರೆ ಯಾಕೆ ಆಗಲ್ಲ ಎಂದೂ ಹೇಳಬೇಕು.

"ಹೆಂಗಸರ ಕೆಲಸ, ಅದೇನು ಮಹಾ," ಎಂದು ಇಳಿದ.

ನಾನು ಮುಂದೆ ಓಡಿದೆ. ಇವತ್ತು ಬಂದೂಕು ಬರುತ್ತವೆಂದು ಬೆಳಿಗ್ಗೆಯೇ ಯಾರೋ ಹಚ್ಚಿಟ್ಟಿದ್ದ ಒಲೆಯ ಕೆಂಡ ತೆಗೆದು ಹೊರಗೆ ಸುರಿದು ನೀರು ಹಾಕಿದೆ. ಅವನ ಮೇಲಿನ ಕರುಣೆಯಿಂದಲ್ಲ. ಸುಟ್ಟುಹೋದವನು ತೂರಾಡುವುದಿಲ್ಲ. ನನಗೆ ಅವನು ತನ್ನ ಕಾಲ ಮೇಲೆ ಹೊರಬರಬೇಕಿತ್ತು. ನಾವು ಕೆಲಸ ಬಿಟ್ಟ ದಿನದಿಂದ ಬೋಗುಣಿಗಳು ಮುಚ್ಚಿಕೊಂಡು ಕೂತಿದ್ದವು. ಮುಚ್ಚಳ ತೆಗೆದೆ. ನಮಗೆ ಎಷ್ಟು ತೆರೆದಿರುತ್ತಿತ್ತೋ ಅಷ್ಟೇ. ಒಂದು ಹನಿ ಹೆಚ್ಚಿಲ್ಲ.

ಅವನು ಒಳಗೆ ಹೋದ. ನಾನು ಬಾಗಿಲು ಎಳೆದು, ಕೊಂಡಿಯಲ್ಲಿ ಬೀಗದ ಕೈ ಸಮೇತ ನೇತಾಡುತ್ತಿದ್ದ ಬೀಗ ಹಾಕಿದೆ.

"ಬೀಗ ಯಾಕೆ?" ಎಂದು ಒಳಗಿನಿಂದ ಕೇಳಿದ.

"ಬಂದೂಕು ಕಳುವಾದೀತು ಬಾಯ್ಕೆ."

ಊರು ಮತ್ತೆ ನಕ್ಕಿತು. ಮಾಂಸ ಹೆಚ್ಚುವುದಕ್ಕೆ ಕೂತರು. ನಾನು ಬೀಗದ ಕೈ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತೆ. ಕೆರೆಜ್ ನನಗೆ ಚಹಾ ತಂದುಕೊಟ್ಟಳು. ಒಳಗೆ ಸರಳು ನಳಿಗೆಯಲ್ಲಿ ಹೋಗಿಬರುವ ಸದ್ದು. ಕೆಮ್ಮು. ಬೈಗುಳ. ಸ್ವಲ್ಪ ಹೊತ್ತಿಗೆ ಸರಳಿನ ಸದ್ದು ತಾಳ ತಪ್ಪಿತು. ಆಮೇಲೆ ಅವನು ನಕ್ಕ. ಒಬ್ಬನೇ, ಒಳಗೆ. ಆ ನಗು ನನಗೆ ಗೊತ್ತಿತ್ತು. ಕೆರೆಜ್ ನನ್ನ ತೋಳು ಹಿಡಿದಳು.

ಬಾಗಿಲು ಬಡಿದ.

"ತೆಗೀತಾರೆ ಇರಿ, ಚಹಾ ಕುಡೀತಿದಾರೆ," ಎಂದು ಕೆರೆಜ್ ಕೂಗಿದಳು. ಹುಬ್ಬಿಲ್ಲದ ಆ ಮುಖದಲ್ಲಿ ಮೊದಲ ಸಲ ನಗು ಕಂಡೆ.

ಮತ್ತೆ ಬಡಿದ. ಬಟ್ಟಲು ಖಾಲಿ ಮಾಡಿದೆ. ಅಲ್ಲಾಹನಿಗೆ ಗೊತ್ತು, ಇನ್ನೊಂದು ಬಟ್ಟಲು ಬಗ್ಗಿಸಿಕೊಳ್ಳುವ ಆಸೆ ಇತ್ತು. ಇವತ್ತಿಗೂ ಇದೆ. ಎದ್ದು ಬೀಗ ತೆಗೆದೆ.

ಅವನು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದ. ಕಣ್ಣು ಕೆಂಪು, ಟೋಪಿ ಇಲ್ಲ, ಬೆರಳುಗಳು ನೀಲಿ. ಮೆಟ್ಟಿಲು ಇದೆ ಎಂದುಕೊಂಡ ಕಡೆ ಮೆಟ್ಟಿಲು ಇರಲಿಲ್ಲ. ಕೆಳಗೆ ಬಿದ್ದ. ಎದ್ದ. ಎದುರಿಗಿದ್ದ ಹೊರದೇಶದ ಅತಿಥಿಯ ತೋಳು ಹಿಡಿದು ನಮ್ಮ ಭಾಷೆಯಲ್ಲಿ ಏನೋ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ. ನಕ್ಕ. ಹೆಂಗಸರ ಸಾಲಿನ ಕಡೆ ನಾಲ್ಕು ಹೆಜ್ಜೆ ತೂರಾಡಿ ಹೋಗಿ, ಹಾಸಿದ ಊಟದ ಬಟ್ಟೆಯ ಅಂಚಿನಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡ.

ಯಾರೂ ನಗಲಿಲ್ಲ ಈಗ.

"ಹಾಲು ತರಿಸ್ಲಾ ಬಾಯ್ಕೆ?" ಎಂದೆ.

ಮಾಂಬೆತ್ ಅಜ್ಜ ಚಮಚೆ ಕೆಳಗಿಟ್ಟ. "ಏನು ಕುಡಿದೆಯೋ ಶಮಿರ್ಬೆಕ್?"

"ಇ... ಇಲ್ಲ," ಎಂದ ಅವನು.

ಆಗ ಬುರುಲ್ ಅಪಾ ಎದ್ದಳು. ಮಂಡಿ ನೋವಿನವಳು, ಕೋಲು ಊರಿಕೊಂಡು ನಿಧಾನಕ್ಕೆ ಬಂದಳು. ಮಂಡಿಯೂರಿದ್ದವನ ಗದ್ದ ಹಿಡಿದು ಮೇಲೆತ್ತಿದಳು. ಬಗ್ಗಿ ಅವನ ಬಾಯಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಗದ್ದ ಬಿಟ್ಟಳು. ಕೈಯನ್ನು ತನ್ನ ಲಂಗಕ್ಕೆ ಒರೆಸಿಕೊಂಡಳು.

"ಏಳ್ರೋ ಮಕ್ಕಳಾ," ಎಂದಳು.

ಊಟ ಮಾಡದೆ ಹೊರಟಳು. ಬೀದಿಯ ತುದಿಯಲ್ಲಿ ಅವಳು ತನ್ನ ಮನೆಯ ಕಡೆ ತಿರುಗಲಿಲ್ಲ. ನನ್ನ ಮನೆಯ ಕಡೆ ತಿರುಗಿದಳು. ಎರ್ಮೆಕ್ ಅಜ್ಜಿಯ ಕೈ ಬಿಡಿಸಿಕೊಂಡು ಓಡಿದ. ಕ್ಷಮೆ ಗಿಮೆ ಅವಳು ಕೇಳಲಿಲ್ಲ, ನಮ್ಮಲ್ಲಿ ಅತ್ತೆಯರು ಕೇಳುವುದಿಲ್ಲ. ಹೋಗಿ ಬಾತ್ಮಾಳ ಮುಂದೆ ಹಿಟ್ಟಿನ ಬುಟ್ಟಿ ಇಟ್ಟು, "ನಾದು, ಮಕ್ಕಳಿಗೆ ಹಸಿವು," ಎಂದಳಂತೆ. ಬಾತ್ಮಾಳ ಕೈ ನಡುಗುತ್ತಿತ್ತು. ಈಗಲೂ ನಡುಗುತ್ತದೆ. ಅದು ಹೋಗುವುದಿಲ್ಲ ಎಂದು ಪಟ್ಟಣದ ಡಾಕ್ಟರು ಹೇಳಿದ್ದಾರೆ. ಹಾಗಾಗಿ ನನ್ನ ಹತ್ತಿರ ಯಾರೂ ಬಂದು, ಪಾಪ ಶಮಿರ್ಬೆಕ್, ಬಿಟ್ಟುಬಿಡು ಎನ್ನಬಾರದು. ಅವನಿಗೆ ಆದದ್ದು ಮರುದಿನದ ಹೊತ್ತಿಗೆ ಇಳಿದಿತ್ತು.

ಕೆಲಸಕ್ಕೆ ಯಾವ ಹೆಂಗಸೂ ಹೋಗಲಿಲ್ಲ. ಕಿಟಕಿಯ ತಗಡು ಕಿತ್ತರು, ಆದರೂ ಹೋಗಲಿಲ್ಲ.

ಸುದ್ದಿಗೆ ಒಂದು ಗುಣ ಇದೆ. ಹೋಗುವಾಗ ಅರ್ಧ ಸಾಮಾನು ದಾರಿಯಲ್ಲಿ ಬೀಳಿಸಿಕೊಂಡು ಹೋಗುತ್ತದೆ. ಜಿಲ್ಲೆಯ ಪೇಟೆ ತಲುಪುವ ಹೊತ್ತಿಗೆ ವ್ಯಾಗನ್ ಬಿದ್ದುಹೋಗಿತ್ತು, ಬೀಗ ಬಿದ್ದುಹೋಗಿತ್ತು. ಹಜ್ ಮಾಡಿದ ಶಮಿರ್ಬೆಕ್ ಊರೂಟದಲ್ಲಿ ಕುಡಿದು ಹೆಂಗಸರ ಮುಂದೆ ವಾಂತಿ ಮಾಡಿಕೊಂಡ ಎನ್ನುವುದು ಮಾತ್ರ ತಲುಪಿತು. ಮಸೀದಿಯಲ್ಲಿ ಅವನ ಪಕ್ಕದ ಜಾಗ ಖಾಲಿ ಬೀಳುತ್ತಿತ್ತಂತೆ. ಮಗಳ ಸಂಬಂಧಕ್ಕೆ ಬಂದವರು ಚಹಾ ಕುಡಿಯದೆ ಎದ್ದರಂತೆ.

ಮೊದಲ ಹಿಮ ಬಿದ್ದ ದಿನ ಅವನೇ ನನ್ನ ಬಾಗಿಲಿಗೆ ಬಂದ. ಬಾತ್ಮಾ ಒಳಗೆ ಮಕ್ಕಳ ಜೊತೆ ಊಟಕ್ಕೆ ಕೂತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ, ಒಳಗೆ ಬನ್ನಿ ಎನ್ನಲಿಲ್ಲ. ನಮ್ಮಲ್ಲಿ ಹಾಗೆ ನಿಲ್ಲಿಸುವುದು ಹೊಡೆದದ್ದಕ್ಕಿಂತ ಹೆಚ್ಚು.

"ಊಲ್ಕಾನ್," ಎಂದ. "ನಾನು ಕುಡಿದಿರ್ಲಿಲ್ಲ ಅಂತ ನಿಂಗೆ ಗೊತ್ತು."

"ಗೊತ್ತು."

"ಪೇಟೆಗೆ ಬಂದು ಇಮಾಮರ ಮುಂದೆ ಅಷ್ಟು ಹೇಳು. ಗಾಡಿ ಕಳಿಸ್ತೀನಿ."

"ನೀವೇ ಹೇಳಿ ಬಾಯ್ಕೆ. ಆ ನೀರು ಹೀಗ್ಮಾಡತ್ತೆ, ಬಾತ್ಮಾಗೂ ಹೀಗೇ ಮಾಡ್ತು, ನಾನೇ ಬೀಗ ಹಾಕಿ ಕೂರಿಸ್ತಿದ್ದೆ, ಗೊತ್ತಿದ್ದೂ ಕುಡುಕಿ ಅಂದೆ ಅಂತ. ಒಂದೇ ಉಸಿರಲ್ಲಿ ಹೇಳಬಹುದು. ನಾನು ಪಕ್ಕದಲ್ಲಿ ನಿಂತು ಹೌದು ಅಂತೀನಿ."

ಅವನು ಹಿಮ ನೋಡಿದ. ತನ್ನ ಬೂಟು ನೋಡಿದ.

"ಹಾಗಂದ್ರೆ ಕ್ಯಾಂಪ್ ಮುಚ್ಚಿಸ್ತಾರೆ," ಎಂದ.

"ಮುಚ್ಚಿಸ್ತಾರೆ."

ಹಿಮ ಅವನ ಹೆಗಲ ಮೇಲೆ ಕೂರುತ್ತಿತ್ತು. ನಾನು ಕಾದೆ. ಅವನು ಟೋಪಿಯ ಹಿಮ ಕೊಡವಿಕೊಂಡ. ಆಮೇಲೆ ತಿರುಗಿ ಗೇಟಿನ ಕಡೆ ನಡೆದ. ಹಿಮದ ಕೆಳಗಿನ ಕಲ್ಲು ಕಾಣದೆ ಎಡವಿದ.

"ಯಾರು ಎಜೆ ಅದು?" ಎಂದು ಬಾತ್ಮಾ ಒಳಗಿನಿಂದ ಕೇಳಿದಳು.

"ಯಾರೋ ಕುಡುಕ," ಎಂದೆ. ಬಾಗಿಲು ಹಾಕಿಕೊಂಡೆ.